ಪಾಳಿಯ ಹಡಗು

ರಾಳ ಕುದಿಯುವ ವಾಸನೆ ಎಲ್ಲಿಂದಲಾದರೂ ಬಂದರೆ ಈ ವಯಸ್ಸಿನಲ್ಲೂ ನನ್ನ ಕೈ ತಾನಾಗಿ ಜಡೆಯ ಕಡೆ ಹೋಗುತ್ತದೆ. ಚಿಕ್ಕವರಿದ್ದಾಗ ಆ ವಾಸನೆ ಮೊದಲು ಹಿಡಿಯುತ್ತಿದ್ದದ್ದು ಜಡೆಗೆ. ಕೆರೆಯ ದಂಡೆಯ ಮೇಲೆ ಕಲ್ಲು ಹೂಡಿ, ಅದರ ಮೇಲೆ ದೊಡ್ಡ ಕಡಾಯಿ ಇಟ್ಟು, ರಾಳದ ಪುಡಿಗೆ ಹೊನ್ನೆ ಎಣ್ಣೆ ಸುರಿದು, ಅಪ್ಪ ಉದ್ದನೆಯ ಕೋಲಿನಿಂದ ತಿರುವುತ್ತಿದ್ದರು. ಹೊಗೆ ಮೇಲೆ ಹೋಗದೆ ನೆಲ ಹಿಡಿದುಕೊಂಡು ಮನೆಯ ಒಳಗೆ ಬರುತ್ತಿತ್ತು. ಲಂಗಕ್ಕೆ, ಹಾಸಿಗೆಗೆ, ಶಾಲೆಯ ಪುಸ್ತಕಕ್ಕೆ ಎಲ್ಲಕ್ಕೂ ಆ ಕಹಿ ಸಿಹಿ ಬೆರೆತ ವಾಸನೆ. ನನ್ನ ತಂಗಿ ನಳಿನಿ ಮೂಗು ಹಿಡಿದುಕೊಂಡು, "ಅಕ್ಕಾ, ಶತ್ರುಗಳ ವಾಸನೆ ಬಂತು" ಎಂದು ಕುಣಿಯುತ್ತಿದ್ದಳು. ಹಡಗನ್ನು ಶತ್ರುಗಳಿಗೆ ಒಪ್ಪಿಸುವ ದಿನ ಹತ್ತಿರ ಬಂತು ಎಂದು ಅದರ ಅರ್ಥ. ಒಪ್ಪಿಸುವ ಮೊದಲು ಬಿರುಕುಗಳಿಗೆಲ್ಲ ರಾಳ ತುಂಬಬೇಕು. ಸೋರುವ ಹಡಗನ್ನು ಕೊಟ್ಟು ಅವರ ಮುಂದೆ ತಲೆ ತಗ್ಗಿಸುವುದುಂಟೆ?

ನಮ್ಮ ಊರಿಗೂ ಆಚೆ ದಡದ ಊರಿಗೂ ಯುದ್ಧ. ಯಾಕೆ ಎಂದು ಕೇಳಿದರೆ ಒಬ್ಬರು ಎಮ್ಮೆ ಎನ್ನುತ್ತಾರೆ, ಒಬ್ಬರು ಹೆಣ್ಣು ಎನ್ನುತ್ತಾರೆ, ತಿಳಿದವರು ಸುಮ್ಮನಿರುತ್ತಾರೆ. ಯುದ್ಧಕ್ಕೆ ಹಡಗು ಬೇಕು, ಎರಡೂ ಊರಿಗೆ ಸೇರಿ ಇದ್ದದ್ದು ಒಂದೇ ಹಡಗು. ಹಾಗಾಗಿ ಪಾಳಿ. ಗಾಳಿ ನಮ್ಮ ದಡದಿಂದ ಆಚೆಗೆ ಬೀಸುವ ಆರು ತಿಂಗಳು ಹಡಗು ನಮ್ಮದು, ನಾವು ಅವರ ಮೇಲೆ ಹೋಗುತ್ತೇವೆ. ಗಾಳಿ ತಿರುಗಿದ ಮೇಲೆ ಆರು ತಿಂಗಳು ಅವರದು, ಅವರು ನಮ್ಮ ಮೇಲೆ ಬರುತ್ತಾರೆ. ಕೆರೆಯ ನಡುವೆ ಒಂದು ಬಂಡೆಯಿದೆ, ನಡುಗಲ್ಲು ಎನ್ನುತ್ತೇವೆ. ಕೊಡುವುದು, ತೆಗೆದುಕೊಳ್ಳುವುದು ಅಲ್ಲಿ. ಹಡಗಿಗೆ ನಮ್ಮ ಹಿರಿಯರು ವೈರಿಭಂಜಿನಿ ಎಂದು ಹೆಸರಿಟ್ಟಿದ್ದರು. ವಿಚಾರಿಸಿ ನೋಡಿದರೆ ಅವರೂ ಅದೇ ಹೆಸರಿಟ್ಟಿದ್ದರಂತೆ. ಹೆಸರಿನ ಹಲಗೆ ಬದಲಿಸುವ ತಾಪತ್ರಯ ತಪ್ಪಿತು. ಹೆಂಗಸರ ಬಾಯಲ್ಲಿ ಮಾತ್ರ ಅದು ದೊಡ್ಡಮ್ಮ. ಜಗಳವಾಡಿ ಬೇರೆಯಾದ ಇಬ್ಬರು ಮಕ್ಕಳ ಮನೆಯಲ್ಲಿ ಪಾಳಿಯ ಮೇಲೆ ಬಾಳುವೆ ಮಾಡುವ ಮುದುಕಿಯ ಹಾಗೆ ಅವಳು ಆ ದಡಕ್ಕೂ ಈ ದಡಕ್ಕೂ ಓಡಾಡಿಕೊಂಡಿದ್ದಳು.

ಊರಿನ ಬದುಕೆಲ್ಲ ಆ ಪಾಳಿಗೆ ಒಗ್ಗಿಕೊಂಡಿತ್ತು. ಮದುವೆ, ಮುಂಜಿ, ಮನೆ ಕಟ್ಟುವುದು ನಮ್ಮ ಪಾಳಿಯಲ್ಲಿ. ಅವರ ಪಾಳಿ ಬಂದರೆ ಗಾಜಿನ ಸಾಮಾನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ. ಜಗಳ ಬಿದ್ದ ಅತ್ತೆ ಸೊಸೆಯರು "ನಮ್ಮ ಪಾಳಿ ಬರಲಿ, ತೋರಿಸ್ತೀನಿ" ಎಂದು ಅಣಕಿಸಿಕೊಳ್ಳುತ್ತಿದ್ದರು. ಗುಂಡು ಹೊಡೆಯುವುದಕ್ಕೆಂದೇ ದಂಡೆಯಲ್ಲಿ ಒಂದು ಗೋಡೆ ಕಟ್ಟಿದ್ದೆವು. ಅವರ ದಂಡೆಯಲ್ಲೂ ಅಂಥದ್ದೇ ಒಂದು. ದೂರದಿಂದ ಕಾಣಲಿ ಎಂದು ಅದಕ್ಕೆ ಪ್ರತಿ ಪಾಳಿಗೂ ಕೆರೆಯ ಚಿಪ್ಪು ಸುಟ್ಟ ಸುಣ್ಣ ಬಳಿಯುವುದು ವಾಡಿಕೆ. ಅವರ ಹಡಗು ಬಂದು ನಿಂತು ನಗಾರಿ ಬಾರಿಸಿದಾಗ ನಾವೆಲ್ಲ ಗೋಡೆಯಿಂದ ದೂರ, ನೇರಳೆ ಮರದ ಕೆಳಗೆ ಹೋಗಿ ಕೂರುತ್ತಿದ್ದೆವು. ಅವರ ಗುರಿಕಾರ ಗೋಡೆಗೆ ಹೊಡೆಯುತ್ತಿದ್ದ. ಗೋಡೆ ಬಿದ್ದರೆ ಅವರಿಗೆ ಜಯ. ನಾವು ಗುಂಡುಗಳನ್ನು ಮಣ್ಣಿನಿಂದ ಬಗೆದು ತೆಗೆದು, ತೊಳೆದು ಇಟ್ಟುಕೊಂಡು, ನಮ್ಮ ಪಾಳಿ ಬಂದಾಗ ಅವೇ ಗುಂಡುಗಳನ್ನು ಅವರ ಗೋಡೆಗೆ ಹೊಡೆದು ಬರುತ್ತಿದ್ದೆವು.

ನಾನು ಬೆಟ್ಟದಾಚೆಯ ಪಟ್ಟಣದ ಕಾಲೇಜಿನಲ್ಲಿ ಬಿ.ಎ. ಓದುವಾಗ ಹಾಸ್ಟೆಲಿನ ಗೆಳತಿಯೊಬ್ಬಳು ಇದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಕ್ಕು ಮುಗಿದ ಮೇಲೆ, "ನಿಮ್ಮ ಹತ್ತಿರ ಬಂದಾಗ ಹಿಂದಕ್ಕೆ ಕೊಡದೆ ಇಟ್ಟುಕೊಂಡುಬಿಟ್ಟರೆ? ಯುದ್ಧ ಅವತ್ತೇ ಮುಗೀತಲ್ಲ" ಎಂದಳು. ಅಂಥದ್ದೊಂದು ಮಾತು ನಮ್ಮ ಊರಿನಲ್ಲಿ ಕಳ್ಳನ ಬಾಯಲ್ಲೂ ಕೇಳಿರಲಿಲ್ಲ. "ಹಾಗೆ ಮಾಡಿದರೆ ಅವರು ನಮ್ಮನ್ನು ಏನೆಂದುಕೊಂಡಾರು?" ಎಂದೆ. ಅವಳು ಮತ್ತೆ ನಕ್ಕಳು.

ಓದು ಮುಗಿಸಿ ಬಂದು ಹಡಗಿನವರ ಮನೆಗೇ ಸೊಸೆಯಾದೆ. ಗಂಡನ ತಮ್ಮ ಭುಜಂಗನಿಗೆ ನಳಿನಿಯನ್ನು ಕೊಟ್ಟರು. ಅಕ್ಕತಂಗಿಯರು ಓರಗಿತ್ತಿಯರಾದೆವು. ನನ್ನವರು ಜ್ವರದಲ್ಲಿ ಬೇಗ ಹೋದರು. ಭುಜಂಗ ಹಡಗಿನ ತಾಂಡೇಲನಾದ; ಅವನು ಹೇಳಿದ ಮೇಲೆ ಲಂಗರು ಏಳಬೇಕು, ಅವನು ಹೇಳಿದ ಕಡೆ ಫಿರಂಗಿ ತಿರುಗಬೇಕು. ನಾನು ಶಾಲೆಯಲ್ಲಿ ಪಾಠ ಹೇಳಿಕೊಂಡು, ಉಳಿದ ಹೊತ್ತು ಹಾಯಿ ಹೊಲಿಯುತ್ತಿದ್ದೆ. ಸೂಜಿಯವಳು ಇಲ್ಲದೆ ಹಡಗು ಹೊರಡಬಾರದು ಎಂಬುದೊಂದು ಕಟ್ಟಳೆ. ಅತ್ತೆಯ ಕಾಲದ ನಂತರ ಆ ಸೂಜಿ ನನ್ನ ಪಾಲಿಗೆ ಬಂತು. ಹಾಯಿಯ ಜೊತೆಗೆ ಹಡಗಿನ ಒಲೆಯೂ ಬಂತು. ಆಚೆ ದಡದಲ್ಲೂ ನನ್ನಂಥವಳು ಒಬ್ಬಳಿದ್ದಳು. ಅವಳ ಮುಖ ನಾನು ನೋಡಿಲ್ಲ. ನೀಲಿ ದಾರದಲ್ಲಿ ಸಣ್ಣ ಸಣ್ಣ ಹೊಲಿಗೆ ಹಾಕುತ್ತಿದ್ದಳು. ಹಡಗು ಕೊಡುವಾಗ ಹಾಯಿಯ ಮೂಲೆಯಲ್ಲಿ ಒಂದು ಸೂಜಿಯನ್ನು ದಾರ ಪೋಣಿಸಿಯೇ ಚುಚ್ಚಿಟ್ಟು ಕಳಿಸುತ್ತಿದ್ದಳು. ನನ್ನ ಕಣ್ಣು ಮಂಜಾಗುತ್ತಿರುವುದು ಅವಳಿಗೆ ನನ್ನ ಹೊಲಿಗೆಯಿಂದ ಗೊತ್ತಾಗಿದ್ದಿರಬೇಕು.

ದೊಡ್ಡಮ್ಮನಿಗೂ ವಯಸ್ಸಾಯಿತು. ನಮ್ಮ ತಾತನ ಕಾಲದಲ್ಲಿ ಅವಳಿಗೆ ಹಾಯಿ ಕಟ್ಟುವ ಮೂರು ಕೂವೆಮರ, ಎರಡೂ ಮಗ್ಗುಲಲ್ಲಿ ಸಾಲು ಫಿರಂಗಿ ಇದ್ದವಂತೆ. ಒಂದು ಮರಕ್ಕೆ ಸಿಡಿಲು ಬಡಿಯಿತು. ಇನ್ನೊಂದಕ್ಕೆ ಅವರ ಪಾಳಿಯಲ್ಲಿ ಗೆದ್ದಲು ಹಿಡಿಯಿತು. ಅವರು ನಾಚಿಕೊಂಡು ಡೆಕ್ಕಿಗೆಲ್ಲ ಹೊಸ ಹಲಗೆ ಹಾಸಿ ಕೊಟ್ಟರು. ಫಿರಂಗಿಗಳು ಒಂದೊಂದೇ ಸೀಳಿ, ಕೆಲವು ನೀರು ಪಾಲು, ಕೆಲವು ಎರಡೂ ಊರಿನ ಗಂಟೆಗಳ ಪಾಲು. ಕಡೆಗೆ ಉಳಿದದ್ದು ಒಂದು ಮರ, ಒಂದು ಹಾಯಿ, ಮೂತಿಯಲ್ಲಿ ಒಂದು ಫಿರಂಗಿ. ಕಾಲರಾ ಬಂದ ವರ್ಷ ಅವರ ಪಾಳಿಯಲ್ಲಿ ಹಡಗು ಬಂದು ಒಂದೂ ಗುಂಡು ಹೊಡೆಯದೆ ನಿಂತು, ದಂಡೆಗೆ ನಿಂಬೆಹಣ್ಣಿನ ಮೂಟೆ ಎಸೆದು ಹೋದದ್ದು ನನಗೆ ನೆನಪಿದೆ. ಆಮೇಲಾಮೇಲೆ ಯುದ್ಧದಲ್ಲಿ ಯಾರಿಗೂ ಹುರುಪು ಉಳಿದಿರಲಿಲ್ಲ. ನಿಲ್ಲಿಸೋಣ ಎನ್ನುವುದಕ್ಕೂ ಒಂದು ಹುರುಪು ಬೇಕಲ್ಲ, ಅದೂ ಇರಲಿಲ್ಲ. ಸೊಂಟ ಹಿಡಿದುಕೊಂಡು ರಾಳ ಹಚ್ಚುತ್ತಿದ್ದೆವು, ಕಣ್ಣು ಉಜ್ಜಿಕೊಂಡು ಹಾಯಿ ಹೊಲಿಯುತ್ತಿದ್ದೆವು, ಬಿದ್ದ ಗೋಡೆಯನ್ನು ಎತ್ತಿ ಕಟ್ಟುತ್ತಿದ್ದೆವು.

ಆ ವರ್ಷ ಭುಜಂಗನ ಮಗಳು ಚಂಪಾಳ ಮದುವೆ. ಮಳೆ ಜಾಸ್ತಿಯಾಗಿ ಚಿಪ್ಪು ಸರಿಯಾಗಿ ಒಣಗಿರಲಿಲ್ಲ. ಸುಣ್ಣದ ಗೂಡಿನಲ್ಲಿ ಒಂದೇ ಒಂದು ಸಲ ಚಿಪ್ಪು ಸುಟ್ಟರು. ಭುಜಂಗ ಅಷ್ಟನ್ನೂ ಮನೆಗೆ ತೆಗೆದುಕೊಂಡು ಹೋದ. "ಗೋಡೆಗೆ ಹೋದ ಸಲದ ಬಿಳುಪೇ ಇದೆಯಲ್ಲ, ಮುಂದಿನ ಗೂಡಿನದನ್ನು ಬಳಿದರಾಯಿತು" ಎಂದ. ಮದುವೆ ಮನೆ, ಯಾರು ಬೇಡ ಎನ್ನುತ್ತಾರೆ? ನಾನೂ ಹೌದೆಂದೆ. ಸುಣ್ಣ ಬಳಿದ ಅವನ ಮನೆ ದಂಡೆಯ ಮೇಲಿನ ಏರಿನಲ್ಲಿ ಹಾಲಿನ ಹಾಗೆ ಕಾಣುತ್ತಿತ್ತು. ಮದುವೆ ಚೆನ್ನಾಗಿ ಆಯಿತು, ಚಂಪಾ ಮೇಲಿನ ಬೀದಿಯ ಗಂಡನ ಮನೆಗೆ ಹೋದಳು. ಮುಂದಿನ ಗೂಡು ಹೊತ್ತಿಸುವ ಮೊದಲೇ ಗಾಳಿ ತಿರುಗಿತು. ಗೋಡೆ ಪಾಚಿ ಹಿಡಿದು ಕಪ್ಪಗಿತ್ತು. ಎಲ್ಲರೂ ಮದುವೆಯಲ್ಲಿ ದಣಿದಿದ್ದರು. ಯಾರೂ ಆ ಕಡೆ ತಿರುಗಿ ನೋಡಲಿಲ್ಲ.

ಮೊದಲ ನಗಾರಿಯ ಬೆಳಿಗ್ಗೆ ಕೆರೆಯ ಮೇಲೆ ಮಂಜಿತ್ತು. ನಾವು ನೇರಳೆ ಮರದ ಕೆಳಗೆ ಕೂತಿದ್ದೆವು. ನಳಿನಿ ಎದ್ದಳು. "ಎಲ್ಲಿಗೇ?" ಎಂದೆ. "ಹಪ್ಪಳ ಒಣಗೋಕೆ ಹಾಕಿದೀನಿ ಅಕ್ಕ, ಕಾಗೆ ಬರುತ್ತೆ. ಮನೆ ಏನು ಗೋಡೆ ಹತ್ತಿರ ಇದೆಯಾ?" ಎಂದು ನಗುತ್ತಾ ಹೋದಳು. ಮೊದಲ ಗುಂಡು ಅವಳ ಮನೆಗೇ ಬಿತ್ತು. ಮಂಜಿನಲ್ಲಿ ಅವರ ಗುರಿಕಾರನಿಗೆ ಕಂಡದ್ದು ಒಂದೇ ಬಿಳುಪು.

ಅವಳನ್ನು ಹೊರಗೆ ತೆಗೆಯುವಾಗ ಕೈಯಲ್ಲಿ ಕಾಗೆ ಓಡಿಸುವ ಕೋಲು ಇತ್ತು. ಹಡಗಿನಲ್ಲಿ ಅವರಿಗೆ ಗೊತ್ತಾಗಿರಬೇಕು, ಬಾವುಟ ಇಳಿಸಿದರು. ಮತ್ತೆ ಗುಂಡು ಹೊಡೆಯಲಿಲ್ಲ. ದಹನ ಮುಗಿಯುವ ತನಕ ಹಾಯಿ ಮಡಿಸಿಕೊಂಡು ದೂರದಲ್ಲೇ ನಿಂತಿದ್ದು, ಆಮೇಲೆ ಹೊರಟುಹೋದರು. ಆ ಪಾಳಿ ಪೂರ್ತಿ ಇತ್ತ ಬರಲಿಲ್ಲ.

ಭುಜಂಗ ಅಳಲಿಲ್ಲ. ಅವನು ಅಳಲಿಲ್ಲವೆಂದು ಊರಿಗೆ ಹೆದರಿಕೆಯಾಯಿತು. ಸುಣ್ಣದ ವಿಷಯ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಅವನ ಎದುರಿಗೆ ಆ ಪದವನ್ನೇ ಆಡುತ್ತಿರಲಿಲ್ಲ. ಎಲೆ ಅಂಗಡಿಯ ಲಚ್ಚಮ್ಮ ಎಲ್ಲರಿಗೂ ಎಲೆ, ಅಡಿಕೆ, ಸುಣ್ಣ ಬೇರೆ ಬೇರೆ ಇಟ್ಟುಕೊಡುವವಳು, ಅವನಿಗೆ ಮಾತ್ರ ತಾನೇ ಹಚ್ಚಿ ಮಡಿಸಿ ಕೈಗೆ ಕೊಡುತ್ತಿದ್ದಳು, ಸುಣ್ಣ ಸಾಕಾ ಎಂದು ಕೇಳಬೇಕಾಗಿ ಬರಬಾರದೆಂದು. ಗೂಡಿನವರು ಆ ವರ್ಷ ಮತ್ತೆ ಗೂಡನ್ನೇ ಹೊತ್ತಿಸಲಿಲ್ಲ. ಇಡೀ ಊರು ಸುಣ್ಣ ಕಾಣದೆ ಮಾಸಿ ನಿಂತಿತು. ಭುಜಂಗ ಅದನ್ನು ಗಮನಿಸಿದನೋ ಇಲ್ಲವೋ. ನಾನು ಬಡಿಸಿಟ್ಟದ್ದನ್ನು ಮುಟ್ಟದೆ ಫಿರಂಗಿಯ ಗುಂಡುಗಳನ್ನು ಜಗುಲಿಯಲ್ಲಿ ಇಟ್ಟುಕೊಂಡು ಉಜ್ಜುತ್ತಿದ್ದ.

ಒಂದು ದಿನ ಅವನೇ ಹೇಳಿದ. "ಅತ್ತಿಗೆ, ಈ ಸಲ ಗೋಡೆಗೆ ಹೊಡೆಯೋಲ್ಲ."

"ಮತ್ತೆ?"

"ಅವರ ಕಡೆಯೂ ಒಂದು ಮನೆ ಹೋಗಲಿ."

"ಯಾರ ಮನೆ?"

"ಯಾರದಾದರೇನು? ನನ್ನ ಮನೆಗೆ ಹೊಡೆಯೋವಾಗ ಅವನು ಯಾರದ್ದು ಅಂತ ಕೇಳಿದನೇ?"

"ಭುಜಂಗ, ಅವಳು ನಿನಗೆ ಹೆಂಡತಿ ಆಗೋಕೆ ಮುಂಚೆ ನನಗೆ ತಂಗಿ ಆಗಿದ್ದಳು. ಅವಳ ಹೆಸರಲ್ಲಿ ಇದನ್ನು ಮಾಡಬೇಡ."

"ಅವಳ ಹೆಸರಲ್ಲಿ ಅಲ್ಲ ಅತ್ತಿಗೆ. ನನ್ನ ಹೆಸರಲ್ಲಿ ಮಾಡ್ತೀನಿ" ಎಂದು ಮತ್ತೆ ಗುಂಡು ಉಜ್ಜತೊಡಗಿದ.

ಚುಕ್ಕಾಣಿ ಹಿಡಿಯುವ ಖಾಸಿಮಣ್ಣ ಹಾಯಿಯ ಹಗ್ಗ ಕೊಡುವ ನೆಪದಲ್ಲಿ ಮನೆಗೆ ಬಂದ. ನನ್ನವರ ಸ್ನೇಹಿತ, ಅರವತ್ತು ದಾಟಿದವನು. "ವಾರಿಜಕ್ಕ, ಒಂದು ಮನೆ ನಾವು ಬೀಳಿಸಿದರೆ ಅವರು ಎರಡು ಬೀಳಿಸ್ತಾರೆ. ಇಷ್ಟು ವರ್ಷ ಆಡಿಕೊಂಡು ಬಂದ ಯುದ್ಧ ನಿಜವಾಗಿಬಿಡುತ್ತೆ. ಗುಂಡು ಅವನ ಮನೆಗೆ ಯಾಕೆ ಬಿತ್ತು ಅಂತ ಅವನಿಗೆ ಯಾರಾದರೂ ಹೇಳಬೇಕು" ಎಂದ.

"ನೀನೇ ಹೇಳು."

"ನಾನು ಚುಕ್ಕಾಣಿಯೋನು. ಬಂಡೆ ಕಂಡರೆ ಸುತ್ತು ಹಾಕಿ ಹೋಗೋದೇ ಕಲಿತಿರೋದು. ನೀನು ಓದಿದೋಳು."

"ಓದಿದರೆ ಇಂಥದ್ದನ್ನ ಹೇಳೋಕೆ ಬರುತ್ತಾ? ಸುಣ್ಣ ನೀನೇ ಒಯ್ದೆಯಪ್ಪ ಅಂತ ಹೇಳಿದ ಮೇಲೆ ಅವನು ಉಳಿಯುತ್ತಾನಾ, ಖಾಸಿಮಣ್ಣ?"

ಅವನು ಹಗ್ಗವನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ. "ಹೇಳದಿದ್ದರೆ ಅಲ್ಲಿ ಯಾರೋ ಉಳಿಯೋಲ್ಲ" ಎಂದು ಹೊರಟುಹೋದ. ಎರಡೂ ನಿಜವಾಗಿತ್ತು. ಆ ಎರಡರ ನಡುವೆ ನಾನು ಗಾಳಿ ತಿರುಗುವ ತನಕ ದಿನ ನೂಕಿದೆ.

ಒಪ್ಪಿಸಿಕೊಳ್ಳುವ ದಿನ ದೋಣಿಗಳಲ್ಲಿ ನಡುಗಲ್ಲಿಗೆ ಹೋದೆವು. ದೊಡ್ಡಮ್ಮ ಬಂಡೆಗೆ ಒರಗಿಕೊಂಡು ನಿಂತಿದ್ದಳು. ಹಸ್ತಾಂತರದ ಹೊತ್ತಿನಲ್ಲಿ ಎರಡೂ ಕಡೆಯವರು ಮಾತಾಡಬಾರದು. ಕೆಮ್ಮುವುದಕ್ಕೆ ಅಡ್ಡಿಯಿಲ್ಲ. ಖಾಸಿಮಣ್ಣನೂ ಅವರ ಚುಕ್ಕಾಣಿಯವನೂ ಅಷ್ಟೂ ವರ್ಷ ಕೆಮ್ಮಿನಲ್ಲೇ ಒಬ್ಬರಿಗೊಬ್ಬರು ಕಷ್ಟಸುಖ ಹೇಳಿಕೊಂಡಿದ್ದರು. ಆ ದಿನ ಯಾರೂ ಕೆಮ್ಮಲಿಲ್ಲ. ಅವರು ಒಬ್ಬೊಬ್ಬರಾಗಿ ತಮ್ಮ ದೋಣಿಗೆ ಇಳಿದರು, ನಾವು ಹತ್ತಿದೆವು. ಹಾಯಿ ಮುಟ್ಟಿ ನೋಡಿದೆ. ಅಂಚಿನ ಉದ್ದಕ್ಕೂ ಇಮ್ಮಡಿ ಹೊಲಿಗೆ, ನೀಲಿ ದಾರ. ಈ ಪಾಳಿಯಲ್ಲಿ ನಾನು ಹೊಲಿಯಬೇಕಾದದ್ದನ್ನೂ ಅವಳೇ ಹೊಲಿದಿದ್ದಳು. ಸತ್ತವಳು ನನ್ನ ತಂಗಿ ಎಂದು ಅವಳಿಗೆ ಯಾರು ಹೇಳಿದರೋ.

ಎಲ್ಲರೂ ಇಳಿದ ಮೇಲೂ ಒಬ್ಬ ಇಳಿಯಲಿಲ್ಲ. ಫಿರಂಗಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಒಣಗಿದ ಮೈ, ಬಿಳಿ ಹುಬ್ಬು, ನನ್ನದೇ ವಯಸ್ಸು. ಕೆಳಗಿನ ದೋಣಿಯಿಂದ ಕಟ್ಟಳೆ ಮುರಿದು ಯಾರೋ ಕೂಗಿದರು. "ದ್ಯಾವಣ್ಣ, ಬಾರೋ! ಹುಚ್ಚು ಹಿಡೀತಾ? ಮನೇಲಿ ಅತ್ತಿಗೆಗೆ ನಾವು ಏನು ಹೇಳೋಣ?"

ಅವನು ಅತ್ತ ನೋಡದೆ ಭುಜಂಗನ ಕಡೆ ತಿರುಗಿದ. "ಆ ಗುಂಡು ಹೊಡೆದ ಗುರಿಕಾರ ನಾನೇ. ದ್ಯಾವಪ್ಪ ಅಂತ. ನಾನು ನಿಮ್ಮ ಪಾಳಿಗೆ ಬಂದಿದೀನಿ."

ಭುಜಂಗ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದ. ನಾನು ಭುಜಂಗನ ಕೈ ನೋಡುತ್ತಿದ್ದೆ. ಕೈ ಅಲುಗಲಿಲ್ಲ. ಹಡಗನ್ನು ಮೊದಲು ಊರಿಗೆ ತಂದು, ಮೂತಿಗೆ ಕುಂಕುಮ ಹಚ್ಚಿಸಿ ಆಮೇಲೆ ಹೊರಡುವುದು ನಮ್ಮ ಪದ್ಧತಿ. ಭುಜಂಗ, "ಹಾಯಿ ಬಿಚ್ಚಿ. ಇಲ್ಲಿಂದಲೇ ಹೋಗೋಣ" ಎಂದ. ಮದ್ದು, ಗುಂಡು ದೋಣಿಯಲ್ಲೇ ತಂದಿದ್ದ. ಆಗ ನನಗೆ ಗೊತ್ತಾಯಿತು, ಇವನು ಇದನ್ನು ಮೊದಲೇ ಯೋಚಿಸಿದ್ದಾನೆ ಎಂದು. ಅವರ ದೋಣಿಗಳು ಸ್ವಲ್ಪ ದೂರ ಕೂಗುತ್ತಾ ಬಂದು, ಹಡಗಿನ ವೇಗಕ್ಕೆ ಸಮ ಬಾರದೆ ಹಿಂದೆ ಉಳಿದವು.

ಆ ವರ್ಷ ಗಾಳಿಗೆ ಅವಸರವಿತ್ತು. ನಾನು ಒಲೆ ಹೊತ್ತಿಸಿ ಅನ್ನಕ್ಕಿಟ್ಟೆ, ಹುರುಳಿ ಸಾರು ಮಾಡಿದೆ. ಹಡಗಿನವರೆಲ್ಲ ಉಂಡರು. ಭುಜಂಗ ಬೇಡ ಎಂದ. ದ್ಯಾವಪ್ಪನನ್ನು ಊಟಕ್ಕೆ ಕರೆಯುವವರು ಯಾರು? ನಾನೇ ಕರೆಯಬೇಕಿತ್ತು, ಸೌಟು ನನ್ನ ಕೈಯಲ್ಲಿತ್ತು. ಇವನ ತಪ್ಪಲ್ಲ ಎಂದು ಆ ಹಡಗಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಅವನ ಕಡೆ ನೋಡಿದಾಗೆಲ್ಲ ಆ ಕಾಗೆ ಕೋಲು ಕಣ್ಣಿಗೆ ಬರುತ್ತಿತ್ತು, ಕೈ ಮುಂದೆ ಹೋಗುತ್ತಿರಲಿಲ್ಲ. ಖಾಸಿಮಣ್ಣ ಒಂದು ಗಳಿಗೆ ಚುಕ್ಕಾಣಿ ಬಿಟ್ಟು ಮೂತಿಗೆ ಬಂದು, ತನ್ನ ನೀರಿನ ಚೊಂಬನ್ನು ಕೆಳಗಿಟ್ಟು, ಕಾಲಲ್ಲಿ ಮೆಲ್ಲಗೆ ಅವನ ಕಡೆ ಸರಿಸಿ, ಆಕಾಶ ನೋಡುತ್ತಾ ನಿಂತ. ದ್ಯಾವಪ್ಪ ಕುಡಿದು ಚೊಂಬನ್ನು ತೊಳೆದು ಅಲ್ಲೇ ಇಟ್ಟ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಭುಜಂಗ ಫಿರಂಗಿಗೆ ಮದ್ದು ತುಂಬಿದ. ಎಂದೂ ತಾನೇ ತುಂಬುತ್ತಿರಲಿಲ್ಲ. ದ್ಯಾವಪ್ಪನ ಎದುರು ನಿಂತು ಮೊದಲ ಸಲ ಮಾತಾಡಿದ.

"ನಿನ್ನ ಮನೆ ಯಾವುದು?"

"ದಂಡೆಯಿಂದ ಮೇಲೆ ಹುಣಸೆಮರ. ಅದರ ಎಡಕ್ಕೆ ಎರಡನೆಯದು."

"ಮನೆಯಲ್ಲಿ ಯಾರಿದ್ದಾರೆ?"

"ಹೆಂಡತಿ. ಸೊಸೆ. ಸೊಸೆಗೆ ತುಂಬಿದ ತಿಂಗಳು."

"ಸುಳ್ಳು ಹೇಳಬಹುದಿತ್ತು ನೀನು. ಬೇರೆ ಮನೆ ತೋರಿಸಬಹುದಿತ್ತು."

"ಬೇರೆಯವರ ಮನೆ ತೋರಿಸಲಾ?" ಎಂದು ಕೇಳಿದ ದ್ಯಾವಪ್ಪ. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳಿದ ಹಾಗಿತ್ತು.

"ಗುರಿ ನೀನೇ ಇಡಬೇಕು" ಎಂದ ಭುಜಂಗ. "ಅದಕ್ಕೇ ತಾನೇ ಬಂದಿರೋದು?"

ನಾನು ಎದ್ದು ನಿಂತೆ. "ಭುಜಂಗ" ಎಂದೆ. ಹೇಳಬೇಕಾದದ್ದು ನಾಲಗೆಯ ತುದಿಗೆ ಬಂದಿತ್ತು. ಅವನು ತಿರುಗಿ ನನ್ನನ್ನು ನೋಡಿದ. ಆ ಮುಖ ನೋಡಿ ನನ್ನ ಮಾತು ಅಲ್ಲೇ ನಿಂತಿತು. ಅಷ್ಟರಲ್ಲಿ ಖಾಸಿಮಣ್ಣ ಮೇಲಿನಿಂದ, "ತಾಂಡೇಲರೇ, ಊರು ಎಲ್ಲಿ?" ಎಂದು ಕೂಗಿದ.

ಎಲ್ಲರೂ ಮುಂದೆ ನೋಡಿದೆವು. ಬಿಸಿಲಿತ್ತು, ಮಂಜಿರಲಿಲ್ಲ. ದಡ ಸ್ಪಷ್ಟವಾಗಿ ಕಾಣುತ್ತಿತ್ತು. ಹುಣಸೆಮರ ಕಾಣುತ್ತಿತ್ತು. ಅಲ್ಲಿ ಪ್ರತಿ ಪಾಳಿಯಲ್ಲೂ ನಾವು ನೋಡುತ್ತಿದ್ದ ಬಿಳಿ ಮನೆಗಳ ಸಾಲು ಇರಲಿಲ್ಲ. ಹತ್ತಿರ ಹೋದಂತೆ ಮನೆಗಳು ಅಲ್ಲೇ ಇವೆ ಎಂದು ತಿಳಿಯಿತು. ಎಲ್ಲ ಗೋಡೆಗಳಿಗೂ ಕೆರೆಯ ಕಪ್ಪು ಮಣ್ಣು ಮೆತ್ತಿದ್ದರು. ಶಾಲೆಗೆ, ಗುಡಿಗೆ, ಮಸೀದಿಗೆ, ಬಾವಿಕಟ್ಟೆಗೂ ಬಿಟ್ಟಿರಲಿಲ್ಲ. ಇಡೀ ಊರು ಏರಿನ ಮಣ್ಣಿನ ಬಣ್ಣಕ್ಕೆ ಸೇರಿಹೋಗಿತ್ತು. ದಂಡೆಯಲ್ಲಿ ಗುಂಡಿನ ಗೋಡೆ ಒಂದೇ ಸುಣ್ಣ ಬಳಿದುಕೊಂಡು, ಕಣ್ಣು ಕುಕ್ಕುವ ಹಾಗೆ ಬೆಳ್ಳಗೆ ನಿಂತಿತ್ತು. ಒಬ್ಬ ಹೆಂಗಸು ಏಣಿಯ ಮೇಲೆ ನಿಂತು ಇನ್ನೂ ಮಣ್ಣು ಮೆತ್ತುತ್ತಿದ್ದಳು. ಹಡಗನ್ನು ಕಂಡು ಕೈ ಒರೆಸಿಕೊಂಡು ಇಳಿದಳು.

"ಇದೇನು ಇದು?" ಎಂದ ಭುಜಂಗ.

ದ್ಯಾವಪ್ಪ ತಲೆ ತಗ್ಗಿಸಿದ. "ನಾನೇ ಹೇಳಿದೆ. ದೂರದಿಂದ ಬಿಳುಪು ಒಂದೇ ಕಾಣಬೇಕು. ಎರಡು ಇದ್ದರೆ ಕಣ್ಣು ಮೋಸ ಹೋಗುತ್ತೆ. ಅವತ್ತು ನನಗೆ ಬಿಳಿ ಕಂಡಿತು, ಗೋಡೆ ಅಂತ ಹೊಡೆದೆ. ಹೊಡೆದ ಮೇಲೆ ಗಾಳಿಗೆ ಮಂಜು ಸರೀತು, ಗೋಡೆ ಬೇರೆ ಕಡೆ ಕಪ್ಪಗೆ ನಿಂತಿತ್ತು." ಆಮೇಲೆ ಫಿರಂಗಿಯ ಮೇಲೆ ಕೈ ಊರಿ, "ಮಂಜಿತ್ತು. ನಾನು ಕಾಯಬೇಕಿತ್ತು. ಇಷ್ಟು ವರ್ಷದ ಗುರಿಕಾರ, ಒಂದು ಗಳಿಗೆ ಕಾದಿದ್ದರೆ ಆಗುತ್ತಿತ್ತು. ಬೇಗ ಹೊಡೆದು ಬೇಗ ಮನೆಗೆ ಹೋಗೋಣ ಅನ್ನಿಸಿತು, ತಾಂಡೇಲರೇ. ದಣಿದಿದ್ದೆ" ಎಂದ.

ಗೋಡೆ ಯಾಕೆ ಕಪ್ಪಗಿತ್ತು, ಮನೆ ಯಾಕೆ ಬೆಳ್ಳಗಿತ್ತು ಎಂದು ಅವನು ಕೇಳಲಿಲ್ಲ. ಗೊತ್ತಿದ್ದೂ ಕೇಳಲಿಲ್ಲವೋ, ಅದು ತನಗೆ ಸೇರಿದ್ದಲ್ಲ ಎಂದು ಬಿಟ್ಟನೋ.

ಹಾಯಿ ಪಟಪಟ ಬಡಿಯಿತು. ಭುಜಂಗ ಹೊತ್ತಿಸಿ ಹಿಡಿದಿದ್ದ ಫಿರಂಗಿಯ ಬತ್ತಿಯನ್ನು ನೋಡುತ್ತಾ ನಿಂತಿದ್ದ. ಅದು ಅವನ ಬೆರಳಿನ ತನಕ ಉರಿದು ಬರುತ್ತಿತ್ತು. ಖಾಸಿಮಣ್ಣ ಚುಕ್ಕಾಣಿ ಬಿಟ್ಟು ಬಂದು ಅದನ್ನು ತೆಗೆದು ನೀರಿಗೆ ಹಾಕಿದ. ಭುಜಂಗ ಬಿಟ್ಟುಕೊಟ್ಟ. ಆಮೇಲೆ ನನ್ನ ಹತ್ತಿರ ಬಂದು, ಹಾಯಿಯ ನೆರಳಿನಲ್ಲಿ ಕೂತ. ಚಿಕ್ಕ ದನಿಯಲ್ಲಿ, ಬೇರೆ ಯಾರಿಗೂ ಕೇಳಿಸದ ಹಾಗೆ ಕೇಳಿದ.

"ಅತ್ತಿಗೆ, ಸುಣ್ಣ ನಾನೇ ತಗೊಂಡು ಹೋದೆ, ಅಲ್ವಾ?"

ಇಲ್ಲ ಎಂದರೆ ಅವನು ನಂಬುತ್ತಿರಲಿಲ್ಲ. ಹೌದೆನ್ನುವ ಶಕ್ತಿ ನನಗಿರಲಿಲ್ಲ. "ನಾನೂ ತಗೊಂಡು ಹೋಗು ಅಂದೆ ಭುಜಂಗ" ಎಂದೆ. "ಊರೇ ಅಂತು. ಅವಳು ಎಷ್ಟು ಖುಷಿಯಾಗಿದ್ದಳು ಆ ಮನೆ ನೋಡಿ."

"ಎಲ್ಲರಿಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಲಚ್ಚಮ್ಮನಿಗೂ?"

"ಹೂಂ."

ಅವನು ಮೊಣಕಾಲಿನ ನಡುವೆ ತಲೆ ಇಟ್ಟುಕೊಂಡ. ಅಷ್ಟೂ ತಿಂಗಳು ತಡೆದದ್ದು ಆಗ ಬಂತು. ನಾನು ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. ದನಿ ಮಾಡಿ ಅತ್ತ, ಚಿಕ್ಕ ಹುಡುಗರ ಹಾಗೆ. ಹಡಗಿನವರು ಒಬ್ಬೊಬ್ಬರಾಗಿ ಹಿಂದಿನ ತುದಿಗೆ ಹೋಗಿ, ಹಗ್ಗ ಬಿಗಿಮಾಡುವುದು, ನೀರು ಚೆಲ್ಲುವುದು ಎಂದು ಇಲ್ಲದ ಕೆಲಸ ಹುಡುಕಿಕೊಂಡರು. ದ್ಯಾವಪ್ಪ ಮಾತ್ರ ಫಿರಂಗಿ ಬಿಟ್ಟು ಏಳಲಿಲ್ಲ. ಗುರಿ ಇಡು ಎಂದು ಹೇಳಿದ್ದರಲ್ಲ, ಇಡಬೇಕೋ ಬೇಡವೋ ಎಂದು ಕಾದು ಕೂತಿದ್ದ.

ದಡದಲ್ಲಿ ಅವರ ಊರಿನವರು ಗೋಡೆಯಿಂದ ದೂರ ನಿಂತು ನಮ್ಮ ನಗಾರಿಗೆ ಕಾಯುತ್ತಿದ್ದರು. ನಗಾರಿ ಬಾರಿಸಲಿಲ್ಲ. ಭುಜಂಗ ಮುಖ ಒರೆಸಿಕೊಂಡು, "ಲಂಗರು ಬಿಡಿ. ಇವತ್ತು ಆಗೋಲ್ಲ" ಎಂದ. ನಾಳೆ ಗೋಡೆಗೆ ಹೊಡೆಯಬೇಕಾಗುತ್ತದೆ, ಅವರು ಮತ್ತೆ ಕಟ್ಟಬೇಕಾಗುತ್ತದೆ. ಅದು ನಾಳೆಯ ಮಾತು. ಲಂಗರು ಬಿದ್ದ ಮೇಲೆ ಅವರ ಕಡೆ ಜನ ಸ್ವಲ್ಪ ಹೊತ್ತು ನೋಡಿ, ಕೂತರು. ಕೆಲವರು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಮಣ್ಣು ಮೆತ್ತುತ್ತಿದ್ದ ಹೆಂಗಸು ಹುಣಸೆಮರದ ಕಡೆ ಹೋಗಿ ಅಲ್ಲಿಂದ ನಮ್ಮನ್ನೇ ನೋಡುತ್ತಾ ನಿಂತಳು.

ನಾನು ಒಲೆಯ ಹತ್ತಿರ ಹೋಗಿ ತಣ್ಣಗಾದ ಸಾರನ್ನು ಬಿಸಿಗಿಟ್ಟೆ. ಮಾಡುವುದಕ್ಕೆ ಬೇರೇನೂ ತೋಚಲಿಲ್ಲ. ಭುಜಂಗ ಹಿಂದಿನಿಂದ ಬಂದ. ಹುಟ್ಟಿದಾಗಿನಿಂದ ಅಮ್ಮನೋ ಅತ್ತಿಗೆಯೋ ಹೆಂಡತಿಯೋ ಬಡಿಸಿದ್ದನ್ನು ಉಂಡವನು, ಎರಡು ಗಂಗಾಳ ಇಳಿಸಿಕೊಂಡು, ನನ್ನ ಕೈಯಿಂದ ಸೌಟು ತೆಗೆದುಕೊಂಡ. ಅನ್ನ ಎಷ್ಟು ಹಾಕಬೇಕೆಂದು ತಿಳಿಯದೆ ಒಂದಕ್ಕೆ ಗುಡ್ಡೆ ಹಾಕಿದ. ಸಾರು ಅಂಚಿಗೆ ಚೆಲ್ಲಿತು. ಪಂಚೆಯ ತುದಿಯಿಂದ ಅದನ್ನು ಒರೆಸಿದ.

ಆ ಗುಡ್ಡೆಯ ಗಂಗಾಳವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಓಲಾಡುವ ಡೆಕ್ಕಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತಾ ಮೂತಿಯ ತನಕ ಹೋದ. ದ್ಯಾವಪ್ಪ ಎದ್ದು ನಿಲ್ಲಲು ಹೋದ. ಭುಜಂಗ ಬೇಡ ಎಂದು ತಲೆಯಾಡಿಸಿ, ಬಗ್ಗಿ, ಅವನ ಕೈಗೆ ಕೊಟ್ಟ.